ಹೊಳೆ ದಾಟಿದರೆ ತಾಯ್ನುಡಿ, ರೈಲು ಹತ್ತಿದರೆ ಪರಭಾಷೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಪಡುವಣ ಅಂಚು. ಆಳಂದಕ್ಕೆ ಹತ್ತಿಕೊಂಡೇ ಅಕ್ಕಲಕೋಟೆ ಸಂಸ್ಥಾನ ಇತ್ತು. ಅಫಜಲಪುರದ ಎದುರು ಭೀಮೆಯ ಆಚೆ ದಂಡೆಯಲ್ಲಿ ಇಂಡಿ, ಜೇವರ್ಗಿಯ ಮಗ್ಗುಲಲ್ಲಿ ಸಿಂದಗಿ. ಇವೆರಡೂ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ ವಿಜಾಪುರ ಜಿಲ್ಲೆಯವು. ಹೀಗಾಗಿ ಇಲ್ಲಿನ ಹುಡುಗ ಹೆಚ್ಚಿನ ಓದಿಗೆಂದು ವಿಜಾಪುರಕ್ಕೋ ಸೊಲ್ಲಾಪುರಕ್ಕೋ ಹೊರಟರೆ ಒಂದು ಆಳ್ವಿಕೆಯಿಂದ ಇನ್ನೊಂದು ಆಳ್ವಿಕೆಗೆ ಕಾಲಿಡುತ್ತಿದ್ದ.

ಗಡಿ ದಾಟಿದೊಡನೆ ದುಡ್ಡೇ ಬದಲಾಗುತ್ತಿತ್ತು. ನಿಜಾಮರ ಹಾಲಿ ಸಿಕ್ಕಾ ಆಚೆ ನಡೆಯದು. ಸುಮಾರು ಏಳು ಸಿಕ್ಕಾ ರೂಪಾಯಿ ಕೊಟ್ಟರೆ ಬ್ರಿಟಿಷರ ಆರು ಕಲ್ದಾರ್ ರೂಪಾಯಿ ಸಿಗುತ್ತಿತ್ತು. ಮನೆಯಿಂದ ಹೊರಟ ಹಣ ಹುಡುಗನ ಕೈಸೇರುವ ಹೊತ್ತಿಗೆ ಎಣಿಕೆಯಲ್ಲಿ ಏಳರಲ್ಲಿ ಒಂದು ಪಾಲು ಕರಗಿರುತ್ತಿತ್ತು. ಅಂಚೆಚೀಟಿ ಬೇರೆ, ಸುಂಕದ ಕರೋಡಗಿರಿ ನಾಕಾ ಬೇರೆ. ಸರ್ಕಾರಿ ಕಾಗದದ ಮೇಲಿನ ವರ್ಷವೂ ಬೇರೆ: ಆಚೆ 1947 ಮುಗಿಯುತ್ತಿದ್ದಾಗ ಈಚೆ ಫಸಲಿ 1357 ನಡೆದಿತ್ತು.

ಇಷ್ಟಿದ್ದರೂ ಈ ಹುಡುಗರಿಗೆ ನಿಜವಾದ ಪರದೇಶ ಹೊಳೆಯ ಆಚೆ ಇರಲಿಲ್ಲ, ಅವರದೇ ರಾಜಧಾನಿಯಲ್ಲಿತ್ತು. ಸಂಸ್ಥಾನದ ಕಚೇರಿಗಳಲ್ಲಿ 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂತು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಎಡೆ ಸಿಕ್ಕರೂ ಮೇಲೇರಿದಂತೆ ಪಾಠವೆಲ್ಲ ಉರ್ದುವಿನಲ್ಲಿ. ಬಜಾರಿನಲ್ಲಿ, ಜಾತ್ರೆಯಲ್ಲಿ, ದರ್ಗಾದ ಉರುಸಿನಲ್ಲಿ ಕಿವಿಗೆ ಬೀಳುವ ದಖನಿ ಉರ್ದು ಇಲ್ಲಿನವರಿಗೆ ಹೊಸದಲ್ಲ. ಆದರೆ ಆ ಮಾತಿನ ಬಲದಿಂದ ರೇಖಾಗಣಿತ, ಇತಿಹಾಸ ಓದಲಾಗದು. ಪುಸ್ತಕದ ಉರ್ದು ಅರಬ್ಬಿ, ಪಾರಸಿ ಪದಗಳಿಂದ ತುಂಬಿತ್ತು. ಲಿಪಿ ಬಲದಿಂದ ಎಡಕ್ಕೆ ಸಾಗುತ್ತಿತ್ತು.

ಹೈದರಾಬಾದಿಗೆ ಹೋಗುವವನು ಕಲಬುರ್ಗಿಯಲ್ಲಿ ರೈಲು ಹತ್ತಿ ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಹೈದರಾಬಾದಿನಲ್ಲಿ ಅವನ ಮುಂದೆ ಎರಡು ದಾರಿಗಳಿದ್ದವು. ನಿಜಾಂ ಕಾಲೇಜು 1947ರವರೆಗೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಅಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು, ವಿಜ್ಞಾನ, ತತ್ತ್ವಶಾಸ್ತ್ರ ಎಲ್ಲವೂ ಉರ್ದುವಿನಲ್ಲೇ. ಅದಕ್ಕೆ ಬೇಕಾದ ಪುಸ್ತಕಗಳನ್ನು ಸಿದ್ಧಪಡಿಸಲು ದಾರುಲ್ ತರ್ಜುಮಾ ಎಂಬ ಅನುವಾದ ಇಲಾಖೆಯನ್ನೇ ತೆರೆಯಲಾಗಿತ್ತು. ಭಾರತದ ನುಡಿಯೊಂದು ಉನ್ನತ ವಿದ್ಯೆಯ ಭಾರ ಹೊರಬಲ್ಲದು ಎಂದು ತೋರಿಸಿದ ದೊಡ್ಡ ಕೆಲಸವಿದು. ಇದರ ಹಿರಿಮೆಯನ್ನು ಮನಸಾರೆ ಒಪ್ಪಬೇಕು. ಆದರೆ ಆ ನುಡಿ ಪ್ರಜೆಗಳಲ್ಲಿ ಹೆಚ್ಚಿನವರ ಮನೆಮಾತಾಗಿರಲಿಲ್ಲ. ತೆಲುಗು, ಮರಾಠಿ, ಕನ್ನಡದ ಮಕ್ಕಳು ಮೊದಲು ಭಾಷೆ ಗೆದ್ದು ಆಮೇಲೆ ವಿಷಯಕ್ಕೆ ಕೈಹಾಕಬೇಕಿತ್ತು. ಈ ಅನ್ಯಾಯವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಎಷ್ಟೋ ಹಳ್ಳಿಗಳ ಜಾಣ ಮಕ್ಕಳ ಓದು ಅಲ್ಲಿಗೇ ನಿಂತಿತು.

ಗೆದ್ದವರೂ ಇದ್ದರು. ಉಸ್ಮಾನಿಯಾ ಸ್ಥಾಪನೆಯಾದ 1918ರಲ್ಲೇ ಅಂದಿನ ರಾಯಚೂರು ಜಿಲ್ಲೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಆ ವಿಶ್ವವಿದ್ಯಾಲಯದಲ್ಲೇ ಪದವಿ ಪಡೆದರು; ಆಡಳಿತಗಾರರಾಗಿಯೂ ಕಾವ್ಯಾನಂದ ಎಂಬ ಕವಿಯಾಗಿಯೂ ಹೆಸರಾದರು. ಉರ್ದು ಓದಿ ಬಂದ ಆ ತಲೆಮಾರು ಕನ್ನಡವನ್ನು ಬಿಡಲಿಲ್ಲ.

ಹೊಳೆ ದಾಟಿದವನ ಕಷ್ಟ ಬೇರೆ ಬಗೆಯದು. ಮಳೆಗಾಲದಲ್ಲಿ ಭೀಮೆ ತುಂಬಿದರೆ ಹರಿಗೋಲೇ ಗತಿ. ಊರಿನ ಬುತ್ತಿ, ಅಂದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೆಲವು ದಿನಕ್ಕೆ ಸಾಲುತ್ತಿತ್ತು. ಆಮೇಲೆ ವಾರಾನ್ನದ ಮನೆಗಳು, ಇಲ್ಲವೇ ಮಠಗಳ ಪ್ರಸಾದನಿಲಯ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಮುರುಘಾಮಠದ ಪ್ರಸಾದನಿಲಯ ಬಡ ವಿದ್ಯಾರ್ಥಿಗಳ ದೊಡ್ಡ ಆಸರೆಯಾಯಿತು. ಸೊಲ್ಲಾಪುರದಲ್ಲಿ 1940ರಲ್ಲಿ, ವಿಜಾಪುರದಲ್ಲಿ 1945ರಲ್ಲಿ ಕಾಲೇಜುಗಳು ಬಂದವು. ಧಾರವಾಡ, ವಿಜಾಪುರಗಳಲ್ಲಿ ಸುತ್ತೆಲ್ಲ ಕನ್ನಡವಿತ್ತು, ಪತ್ರಿಕೆಗಳಿದ್ದವು, ಬಿಚ್ಚುಮನಸ್ಸಿನ ಸಭೆಗಳಿದ್ದವು. ಆದರೆ ಓದು ಮುಗಿಸಿ ತವರಿಗೆ ಬಂದವನಿಗೆ ನೌಕರಿಯ ಬಾಗಿಲು ತೆರೆಯುವುದು ಕಷ್ಟ. ಸ್ಥಳೀಕರಿಗೆ ಮೀಸಲಾದ ಮುಲ್ಕಿ ಹಕ್ಕು ಹುಟ್ಟಿನಿಂದಲೇ ಅವನಿಗಿದ್ದರೂ ಕಚೇರಿಯ ಭಾಷೆ ಕೈಯಲ್ಲಿರಲಿಲ್ಲ.

ಈ ಪಯಣಗಳೆಲ್ಲ ಬಹುಪಾಲು ಗಂಡುಮಕ್ಕಳವು. ಹೆಣ್ಣುಮಕ್ಕಳಿಗೆ ಹೊಳೆಯೂ ದೂರ, ರಾಜಧಾನಿಯೂ ದೂರ. ಕಲಬುರ್ಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು 1930ರ ದಶಕದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಆ ಕಾರಣಕ್ಕೇ ತುಂಬ ದೊಡ್ಡ ಮಾತು.

ರಾಜಧಾನಿಯಲ್ಲಿ ಓದುವವರಿಗೆ ಆಳ್ವಿಕೆಯ ಬಿಗಿಯೂ ತಟ್ಟಿತು. 1938ರಲ್ಲಿ ಉಸ್ಮಾನಿಯಾದ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ವಿದ್ಯಾರ್ಥಿಗಳನ್ನು ಹೊರಹಾಕಿದಾಗ ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಜಾಗ ಕೊಟ್ಟಿತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಶರಣಾಯಿತು. ಉಸ್ಮಾನಿಯಾದಲ್ಲಿ ಇಂಗ್ಲಿಷ್ ಬಂತು. ಉರ್ದುವಿನಲ್ಲಿ ಬೆವರು ಸುರಿಸಿ ಕಲಿತ ಹುಡುಗರು ಮತ್ತೊಂದು ಭಾಷೆಗೆ ಹೊರಳಬೇಕಾಯಿತು. 1956ರ ನವೆಂಬರ್ 1ರಂದು ಈ ತಾಲೂಕುಗಳಿರುವ ಕಲಬುರ್ಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಲಬುರ್ಗಿಗೆ ಸ್ವಂತ ವಿಶ್ವವಿದ್ಯಾಲಯ ಬರಲು 1980 ಆಗಬೇಕಾಯಿತು. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸಿಕ್ಕಿದ್ದು 2013ರಲ್ಲಿ. ಈ ಭಾಗ ಹಿಂದುಳಿದಿದೆ ಎಂದು ಸಲೀಸಾಗಿ ಹೇಳುವವರು ಈ ಇಸವಿಗಳ ನಡುವಿನ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2009ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲಿ. ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆದು ಬೇರೆ ರಾಜ್ಯಗಳ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಅವರ ಪಾಲಿಗೆ ಈಗ ಆಳಂದವೇ ಹೊಸ ನಾಡು: ಅನ್ನ ತಿಂದು ಬೆಳೆದವರ ಮುಂದೆ ಜೋಳದ ರೊಟ್ಟಿ, ಕಡಲ ತೀರದಿಂದ ಬಂದವರಿಗೆ ಮೇ ತಿಂಗಳ ಬಿಸಿಲು, ಬಸ್ಸಿನ ಬೋರ್ಡಿನ ಮೇಲೆ ಓದಲಾಗದ ಅಕ್ಷರ. ತರಗತಿಯಲ್ಲಿ ಇಂಗ್ಲಿಷ್ ಸಾಕು. ಸಂತೆಯಲ್ಲಿ, ಬಾಡಿಗೆ ಮನೆಯಲ್ಲಿ, ದವಾಖಾನೆಯಲ್ಲಿ ಸಾಲದು. ಬಂದವರಿಗೆಲ್ಲ ಮೊದಲ ತಿಂಗಳಲ್ಲೇ ಇಲ್ಲಿನ ಆಡುಗನ್ನಡ ಕಲಿಸುವ ಪಾಠ ಬೇಕು. ಅದರೊಂದಿಗೆ ಇನ್ನೊಂದು ಕೆಲಸ ತಡಮಾಡದೆ ಆಗಬೇಕು. ನಿಜಾಮರ ಕಾಲದಲ್ಲಿ ಹೊಳೆ ದಾಟಿಯೋ ರೈಲು ಹತ್ತಿಯೋ ಓದಿದವರಲ್ಲಿ ಉಳಿದವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಮೂರೂ ತಾಲೂಕುಗಳ ಹಳ್ಳಿಗಳಿಗೆ ಹೋಗಿ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಹೊಣೆಯನ್ನು ಕಡಗಂಚಿಯ ಕನ್ನಡ ಮತ್ತು ಇತಿಹಾಸದ ಅಧ್ಯಾಪಕರು ವಿದ್ಯಾರ್ಥಿಗಳ ಜೊತೆ ಈ ವರ್ಷವೇ ಹೊರಬೇಕು.