ಕೇಳುವವರು ಕೇಳಬೇಕು

ಕನ್ನಡದಲ್ಲಿ 'ಕೇಳು' ಎಂಬ ಮಾತಿಗೆ ಎರಡು ಅರ್ಥ. ಕಿವಿಗೊಡುವುದೂ ಕೇಳುವುದೇ, ಬೇಕೆಂದು ಬಾಯಿಬಿಡುವುದೂ ಕೇಳುವುದೇ. ತುಳುವಿನ 'ಕೇಣುನಿ'ಗೂ ಇದೇ ಗುಣ. ಮಲಯಾಳದಲ್ಲಿ ಹಾಗಲ್ಲ, ಅಲ್ಲಿ ಹಾಡಿಗೆ ಕಿವಿಗೊಡಲು 'ಕೇಳ್ಕುಕ', ನೆರೆಮನೆಯಲ್ಲಿ ಒಂದು ಹಿಡಿ ಉಪ್ಪು ಬೇಡಲು 'ಚೋದಿಕ್ಕುಕ'. ಎರಡು ಕೆಲಸಕ್ಕೆ ಎರಡು ಮಾತು. ರೇಡಿಯೋದ ಚರಿತ್ರೆಯನ್ನು ನೋಡಿದರೆ ನಮ್ಮ ಮಾತೇ ಹೆಚ್ಚು ಸರಿ ಎನಿಸುತ್ತದೆ. ಎಲ್ಲಿ ಜನರು ಸುಮ್ಮನೆ ಕಿವಿಗೊಟ್ಟು ಕುಳಿತರೋ ಅಲ್ಲಿ ಅವರಿಗೆ ಕೊಟ್ಟದ್ದಷ್ಟೇ ದೊರೆಯಿತು. ಎಲ್ಲಿ ಇಂಥದು ಬೇಕೆಂದು ಕೇಳಿದರೋ ಅಲ್ಲಿ ಸರಕಾರಗಳೂ ಮಣಿದವು.

ಇಂಗ್ಲೆಂಡಿನ ಸಂಗತಿಯನ್ನೇ ನೋಡೋಣ. 1960ರ ದಶಕದಲ್ಲಿ ಆ ದೇಶದ ಯುವಕ ಯುವತಿಯರಿಗೆ ರಾಕ್ ಸಂಗೀತದ ಹುಚ್ಚು ಹಿಡಿದಿತ್ತು. ಲಿವರ್‌ಪೂಲಿನ ಬೀಟಲ್ಸ್ ತಂಡದ ನಾಲ್ವರು ಹುಡುಗರ ಹೆಸರು ಲೋಕವೆಲ್ಲ ಹಬ್ಬಿತ್ತು. ಆದರೆ ತಮ್ಮ ದೇಶದ ಬಿ.ಬಿ.ಸಿ.ಯಲ್ಲಿ ಆ ಹಾಡುಗಳು ಬೇಕೆನಿಸಿದಷ್ಟು ಸಿಗುತ್ತಿರಲಿಲ್ಲ. ಧ್ವನಿಮುದ್ರಿಕೆಗಳನ್ನು ದಿನಕ್ಕೆ ಕೆಲವೇ ಗಂಟೆ ನುಡಿಸಬಹುದೆಂದು ಮುದ್ರಿಕೆ ಕಂಪೆನಿಗಳ ಮತ್ತು ವಾದ್ಯಗಾರರ ಸಂಘದ ಜೊತೆ ಒಪ್ಪಂದವಿತ್ತು. ಗಿಟಾರಿನ ಗದ್ದಲವೂ ಒಂದು ಸಂಗೀತವೇ ಎಂದು ಮೂಗು ಮುರಿಯುವ ಹಿರಿಯರೂ ಇದ್ದರು. ರಾತ್ರಿ ಹೊತ್ತು ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದ ನಿಲಯದಿಂದ ಅಲೆಯಲೆಯಾಗಿ ಏರಿಳಿಯುತ್ತ ಬರುವ ಹಾಡುಗಳೇ ಅವರ ಪಾಲಿನ ಅಮೃತ. ಬೆಳಗಾದರೆ ಅದೂ ಇಲ್ಲ.

1964ರ ಈಸ್ಟರ್ ಹಬ್ಬದ ವೇಳೆ ಐರಿಷ್ ಯುವಕ ರೋನನ್ ಓ'ರಾಹಿಲಿ ಒಂದು ಹಡಗನ್ನು ತಂದು ಇಂಗ್ಲೆಂಡಿನ ಪೂರ್ವ ಕರಾವಳಿಯಾಚೆ, ದೇಶದ ಕಾನೂನಿನ ಎಲ್ಲೆಯಿಂದ ಹೊರಗೆ ಲಂಗರು ಹಾಕಿದರು. ಹಡಗಿನೊಳಗೆ ರೇಡಿಯೋ ನಿಲಯ, ಹೆಸರು ರೇಡಿಯೋ ಕ್ಯಾರೊಲಿನ್. ಹಗಲು ಹೊತ್ತಿನಲ್ಲಿಯೂ ಹಾಡುಗಳ ಮೇಲೆ ಹಾಡು! ಲಕ್ಷಗಟ್ಟಲೆ ಕೇಳುಗರು ಅತ್ತ ತಿರುಗಿದರು. ಇಂಥ ನಿಲಯಗಳು ಇನ್ನಷ್ಟು ಹುಟ್ಟಿಕೊಂಡವು. ಅವಕ್ಕೆ 'ಕಡಲ್ಗಳ್ಳ ರೇಡಿಯೋ' ಎಂದು ಹೆಸರಾಯಿತು. ಸರಕಾರ 1967ರ ಆಗಸ್ಟಿನಲ್ಲಿ ಕಾನೂನು ತಂದು ಅವುಗಳ ಕತ್ತು ಹಿಚುಕಿತು. ಆದರೆ ಜನರ ಕಿವಿಯನ್ನು ಹಿಚುಕಲು ಸಾಧ್ಯವೆ? ಒಂದೂವರೆ ತಿಂಗಳೊಳಗೆ, ಅದೇ ವರ್ಷ ಸೆಪ್ಟೆಂಬರ್ 30ರ ಬೆಳಗ್ಗೆ 7 ಗಂಟೆಗೆ, ಸ್ವತಃ ಬಿ.ಬಿ.ಸಿ.ಯೇ ಇಂಥ ಹಾಡುಗಳಿಗೆಂದು 'ರೇಡಿಯೋ 1' ಎಂಬ ಹೊಸ ನಿಲಯವನ್ನು ತೆರೆಯಬೇಕಾಯಿತು. ಅಂದಿನ ಬೆಳಗ್ಗಿನ ಕಾರ್ಯಕ್ರಮ ನಡೆಸಿಕೊಟ್ಟವರು 24 ವರ್ಷ ಪ್ರಾಯದ ಟೋನಿ ಬ್ಲ್ಯಾಕ್‌ಬರ್ನ್. ಅವರು ಎಲ್ಲಿಂದ ಬಂದವರು ಬಲ್ಲಿರಾ? ಅದೇ ಕಡಲ್ಗಳ್ಳ ಹಡಗುಗಳಿಂದ! ನಿನ್ನೆಯ ಕಳ್ಳನಿಗೆ ಇಂದು ರಾಜಮರ್ಯಾದೆ. ಇದನ್ನು ಮಾಡಿಸಿದವರು ಮಂತ್ರಿಗಳಲ್ಲ, ಕೇಳುಗರು.

ಈ ಕತೆಗೆ ಇನ್ನೊಂದು ಕೊನೆಯಿದೆ. ಸರಿಯಾಗಿ ಐವತ್ತು ವರ್ಷ ಕಳೆದು, 2017ರಲ್ಲಿ ಅದೇ ಬ್ಲ್ಯಾಕ್‌ಬರ್ನ್ ತಮ್ಮ 74ನೆಯ ಪ್ರಾಯದಲ್ಲಿ ಬಿ.ಬಿ.ಸಿ.ಯ ರೇಡಿಯೋ 2ರಲ್ಲಿ ಅರುವತ್ತರ ದಶಕದ ಹಾಡುಗಳ ಶನಿವಾರ ಬೆಳಗ್ಗಿನ ಕಾರ್ಯಕ್ರಮವನ್ನು ವಹಿಸಿಕೊಂಡರು. ಆಗ ಹೊಸತಾಗಿದ್ದ ಹಾಡುಗಳೇ ಈಗ ಹಳೆಯವು. ಆಗ ತಂದೆತಾಯಿಗೆ ತಲೆನೋವಾಗಿದ್ದ ಹಾಡನ್ನು ಈಗ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಜೊತೆ ಕುಳಿತು ಕೇಳುವಂತಾಯಿತು. ಒಬ್ಬರು ಒಂದೂರಿನಿಂದ ಒಂದು ಹಾಡು ಬೇಕೆನ್ನುತ್ತಾರೆ. ಹತ್ತೂರಿನಲ್ಲಿ ಅದನ್ನು ಬಲ್ಲವರು ಚಹ ಕುಡಿಯುತ್ತ ತಲೆದೂಗುತ್ತಾರೆ. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಆದರೂ ಆ ಮೂರು ನಿಮಿಷ ಅವರೆಲ್ಲ ಒಂದೇ ಚಾವಡಿಯಲ್ಲಿ ಕುಳಿತವರು.

ನಮ್ಮ ದೇಶದಲ್ಲಿ ಇದೇ ನಾಟಕ ಇನ್ನೂ ಮೊದಲೇ ನಡೆದಿತ್ತು. 1952ರಲ್ಲಿ ಪ್ರಸಾರ ಮಂತ್ರಿಗಳಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳೆಂದರೆ ಆಗದು. ಜನರ ಅಭಿರುಚಿಯನ್ನು ಶಾಸ್ತ್ರೀಯ ಸಂಗೀತದಿಂದ ತಿದ್ದಬೇಕೆಂಬುದು ಅವರ ಸಂಕಲ್ಪ. ಉದ್ದೇಶ ಕೆಟ್ಟದೆನ್ನುವಂತಿಲ್ಲ. ಆದರೆ ಚಿತ್ರಗೀತೆಗಳು ಆಕಾಶವಾಣಿಯಿಂದ ಮರೆಯಾಗುತ್ತಲೇ ಕೇಳುಗರು ಮುಳ್ಳನ್ನು ತಿರುಗಿಸಿ ಕಡಲಾಚೆಯ ರೇಡಿಯೋ ಸಿಲೋನನ್ನು ಹಿಡಿದರು. ಅಮೀನ್ ಸಯಾನಿಯವರ ಗೀತಮಾಲಾ ಅದೇ ವರ್ಷ ಅಲ್ಲಿ ಶುರುವಾಯಿತು. ಬೆಳಗ್ಗೆ ಏಳೂವರೆಯಿಂದ ಎಂಟರ ತನಕ ಹಳೆಯ ಚಿತ್ರಗಳ ಹಾಡುಗಳು. ಕೊನೆಯದು ಸೈಗಲ್ ಅವರ ಹಾಡು. ಸೈಗಲ್ ಹಾಡಿದರೆಂದರೆ ಗಂಟೆ ಎಂಟಾಯಿತೆಂದು ಲೆಕ್ಕ. ಕಡೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಿ ಚಿತ್ರಗೀತೆಗಳಿಗೆ ಬಾಗಿಲು ತೆರೆಯಿತು. ಅನಂತರ ಅಂದಿನ ಬಿಹಾರದ ಝುಮ್ರಿ ತಿಲೈಯಾ ಎಂಬ ಅಭ್ರಕದ ಗಣಿಯ ಸಣ್ಣ ಪೇಟೆ ದೇಶಕ್ಕೆಲ್ಲ ಪರಿಚಿತವಾದುದು ಹೇಗೆ? ಅಲ್ಲಿಂದ ರೈಲು ಹೊರಡುತ್ತದೆಂದಲ್ಲ, ಅಲ್ಲಿ ದೊಡ್ಡ ದೇವಸ್ಥಾನವಿದೆಯೆಂದಲ್ಲ. ಅಲ್ಲಿಯ ಕೇಳುಗರು ಪೈಪೋಟಿಯಿಂದ ಕೋರಿಕೆಯ ಕಾರ್ಡು ಬರೆಯುತ್ತಿದ್ದರು, ಅಷ್ಟೆ. ಬರೆದು ಬರೆದು ಒಂದು ಊರನ್ನೇ ಭೂಪಟದ ಮೇಲೆ ತಂದರು.

ಇಷ್ಟು ದೂರ ಸುತ್ತಿ ಬಂದುದು ನಮ್ಮ ಚಾವಡಿಗೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರಸ್ತೆಯ ಫಲಕ, ಕಚೇರಿಯ ಕಾಗದ, ಬಸ್ಸಿನ ಬೋರ್ಡು ಒಂದೊಂದೇ ಭಾಷೆ ಬದಲಿಸಿದವು. ಆದರೆ ಬಾನುಲಿಯ ಅಲೆಗೆ ಗಡಿಠಾಣೆ ಇಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ಅದು ಗಡಿಯೀಚೆಗೂ ಕೇಳಿಸಿತು. ಕನ್ನಡ ಮಾತ್ರವಲ್ಲ, ನಮ್ಮ ಮನೆಮಾತುಗಳಾದ ತುಳು, ಕೊಂಕಣಿಗಳೂ ಅದರಲ್ಲಿ ಕೇಳಿಬಂದವು. ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟುವ ಅಕ್ಕಂದಿರು, ದೋಸೆ ಹೊಯ್ಯುವ ಅಮ್ಮಂದಿರು, ಅಡಿಕೆ ಸುಲಿಯುವ ಅಜ್ಜಂದಿರು ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಹಾಡುಗಳನ್ನು ಬೆಳಗ್ಗಿನ ರೇಡಿಯೋದಲ್ಲಿ ಕೇಳುತ್ತ ಬೆಳೆದವರೇ. ಕನ್ನಡ ಓದಲು ಬಾರದವರೂ ಆ ಹಾಡುಗಳನ್ನು ಬಲ್ಲರು.

ಇದರಲ್ಲಿ ನೆರೆಯ ಭಾಷೆಯ ಮೇಲೆ ಹಗೆಯಿಲ್ಲ. ಹಾಡಿನ ಲೋಕದಲ್ಲಿ ಗಡಿ ಎಂದೋ ಅಳಿಸಿಹೋಗಿದೆ. ಯೇಸುದಾಸ್ ನಮಗೂ ಬೇಕು, ಅವರಿಗೂ ಬೇಕು. ಆಂಧ್ರದಲ್ಲಿ ಹುಟ್ಟಿದ ಜಾನಕಿ ಎರಡೂ ಭಾಷೆಗಳಲ್ಲಿ ಮನೆಮಗಳು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ನಿಲಯ ಆರಂಭಿಸಿದವರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ಮುಂದೆ ದೇಶವೇ ಎತ್ತಿಕೊಂಡ 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದು. ಅದನ್ನು ಸೂಚಿಸಿದವರು ನಾ. ಕಸ್ತೂರಿ ಎಂದು ಬಲ್ಲವರು ಹೇಳುತ್ತಾರೆ. ಕೇರಳದಲ್ಲಿ ಹುಟ್ಟಿ ಕನ್ನಡದ ಹಾಸ್ಯ ಸಾಹಿತಿಯಾಗಿ ಬೆಳೆದವರು ಅವರು. ಹೀಗಿರುವಾಗ ಯಾರು ಯಾರನ್ನು ಹೊರಗಿನವರೆನ್ನುವುದು?

ನಮ್ಮ ಮುಂದಿರುವ ಆತಂಕ ಬೇರೆ. ರೇಡಿಯೋ ಸೆಟ್ಟು ಚಾವಡಿಯಿಂದ ಅಟ್ಟಕ್ಕೇರಿದೆ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಮೊಬೈಲು, ನಾಲ್ಕು ಜೊತೆ ಕಿವಿತಂತಿ, ನಾಲ್ಕು ಹಾಡು. "ಬೇಕಾದ ಹಾಡು ಬೇಕಾದಾಗ ಸಿಗುವಾಗ ರೇಡಿಯೋ ಯಾಕೆ?" ಎಂದು ಮಕ್ಕಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಒಬ್ಬನೇ ಆರಿಸುವವನು ತಾನು ಬಲ್ಲದ್ದನ್ನೇ ಆರಿಸುತ್ತಾನೆ. ಶಾಲೆಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಮಲಯಾಳ, ಟಿವಿಯಲ್ಲಿ ಹಿಂದಿ ಕೇಳುವ ಹುಡುಗ ತಾನಾಗಿ ಹಳೆಯ ಕನ್ನಡ ಹಾಡೊಂದನ್ನು ಹುಡುಕಿ ತೆಗೆಯುವನೆ? ಹಲ್ಲುಜ್ಜುತ್ತಿರುವಾಗ ಚಾವಡಿಯಿಂದ ಕೇಳಿಬಂದ ಹಾಡು ಮಾತ್ರ ಕೇಳದೆಯೂ ಕಿವಿಗೆ ಬೀಳುತ್ತದೆ. "ಈ ಮಾತಿಗೆ ಅರ್ಥವೇನು ಅಜ್ಜಿ?" ಎಂದು ಅವನು ಒಂದು ದಿನ ಕೇಳಿದರೆ ಅದೇ ಕನ್ನಡದ ಮೊದಲ ಪಾಠ.

ಹಾಡು ಕೇಳಿ ಭಾಷೆ ಉಳಿಯುತ್ತದೆಯೆ ಎಂದು ಹಿರಿಯರು ಆಕ್ಷೇಪಿಸಬಹುದು. ಶಾಲೆ, ಉದ್ಯೋಗ, ಕಚೇರಿ, ಇವೇ ಭಾಷೆಯ ಆಧಾರಸ್ತಂಭಗಳೆಂಬುದು ನಿಜ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದಾಗ ನಮ್ಮವರು ಬೀದಿಗಿಳಿದುದು ಸರಿಯಾಗಿಯೇ ಇತ್ತು. ಆದರೆ ಬೀದಿಯಲ್ಲಿ ಕನ್ನಡಕ್ಕಾಗಿ ಘೋಷಣೆ ಕೂಗಿ ಮನೆಗೆ ಬಂದು ಕನ್ನಡದ ಒಂದು ಹಾಡಿಗೂ ಜಾಗ ಕೊಡದಿದ್ದರೆ ಮಕ್ಕಳು ಯಾವುದನ್ನು ನಂಬಬೇಕು? ನಾಲಿಗೆಗೆ ರುಚಿ ಹತ್ತಿದವನು ಅಕ್ಷರವನ್ನು ಹುಡುಕಿಕೊಂಡು ಬರುತ್ತಾನೆ. ರುಚಿಯೇ ಇಲ್ಲದವನಿಗೆ ಹಕ್ಕಿನ ಊಟ ಬಡಿಸಿದರೂ ಎಲೆ ಮಡಚಿ ಏಳುತ್ತಾನೆ.

ಆದುದರಿಂದ ಎರಡು ಕೆಲಸಗಳನ್ನು ನಾವು ಮಾಡಬಹುದು. ಎರಡಕ್ಕೂ ಸರಕಾರದ ಅಪ್ಪಣೆ ಬೇಡ. ಒಂದನೆಯದು, ಬೆಳಗ್ಗೆ ಅರ್ಧ ಗಂಟೆ ಕನ್ನಡ ರೇಡಿಯೋ ಮನೆಯ ನಡುವೆ ಎಲ್ಲರ ಕಿವಿಗೂ ಬೀಳುವಂತೆ ಹಾಡಲಿ. ಹಳೆಯ ಸೆಟ್ಟು ಹಾಳಾಗಿದ್ದರೆ ಚಿಂತೆಯಿಲ್ಲ, ಆಕಾಶವಾಣಿ ಈಗ ಮೊಬೈಲಿನಲ್ಲಿಯೂ ಸಿಗುತ್ತದೆ. ಕಿವಿತಂತಿಯನ್ನು ಕಿತ್ತಿಟ್ಟು ಮೊಬೈಲನ್ನು ಅಡುಗೆಮನೆಯ ಹಲಗೆಯ ಮೇಲೆ ಇಟ್ಟರಾಯಿತು.

ಎರಡನೆಯದು, ಕೇಳಬೇಕು. ಇಂಥ ಹಳೆಯ ಹಾಡು ಬೇಕೆಂದು ನಿಲಯಗಳಿಗೆ ಬರೆಯಬೇಕು. ಕಾರ್ಯಕ್ರಮ ಚೆನ್ನಾಗಿದ್ದರೆ ಚೆನ್ನಾಗಿದೆಯೆಂದೂ ಬರೆಯಬೇಕು. ಕೇಳುಗರ ಸದ್ದಿಲ್ಲದ ಕಾರ್ಯಕ್ರಮಕ್ಕೆ ಯಾವ ನಿಲಯ ಎಷ್ಟು ದಿನ ಸಮಯ ಕೊಟ್ಟೀತು? ಮಂಗಳೂರಿಗೆ ಮಾತ್ರವಲ್ಲ, ನಮ್ಮ ಮನೆಗಳಿಗೆ ತಲಪುವ ಕೇರಳದ ನಿಲಯಗಳಿಗೂ ಬರೆಯೋಣ. ನಾವು ಕೇರಳದ ಪ್ರಜೆಗಳು. ಕೇರಳದ ಬಾನಿನಲ್ಲಿ ಕನ್ನಡದ ಒಂದು ಹಾಡು ಕೇಳುವುದು ದಾನ ಬೇಡಿದಂತಲ್ಲ. ಜೊತೆಗೊಂದು ಒಳ್ಳೆಯ ಹಳೆಯ ಮಲಯಾಳ ಹಾಡನ್ನೂ ಕೇಳಿದರೆ ನೆರೆಮನೆಯವರೂ ನಮ್ಮ ಪರವಾಗಿ ಸಹಿ ಹಾಕಿಯಾರು.

ಬರೆಯುವಾಗ ಊರಿನ ಹೆಸರನ್ನು ಮರೆಯದಿರಿ. ಮಂಜೇಶ್ವರವು ಮಂಜೇಶ್ವರಂ ಆಗಿರುವ ಕಾಲವಿದು. ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಮಧೂರು ಎಂದು ಉದ್ಘೋಷಕರು ಬೆಳಗ್ಗೆ ಓದಿ ಹೇಳುವಾಗ, ಅಲ್ಲಿ ಕನ್ನಡದ ಮನೆಗಳಿವೆ ಎಂಬ ಸಾಕ್ಷಿ ಆ ಒಂದು ಹೆಸರಿನಲ್ಲಿ ಗಾಳಿಗೆ ಸೇರುತ್ತದೆ. ಯಾವ ಕಚೇರಿಯ ಕಡತದಲ್ಲಿ ಇಲ್ಲದಿದ್ದರೂ ಕೇಳಿದವರ ನೆನಪಿನಲ್ಲಿ ಅದು ಉಳಿಯುತ್ತದೆ. ಝುಮ್ರಿ ತಿಲೈಯಾದವರು ಒಂದು ಕಾರ್ಡಿನಿಂದ ಮಾಡಿದ್ದನ್ನು ಕುಂಬಳೆಯವರು ಮಾಡಲಾರರೆ?

ಕೇಳುವುದನ್ನು ನಾವು ಬಿಟ್ಟಿಲ್ಲ ಎಂದು ತೋರಿಸಲು ನಾಳೆ ಬೆಳಗ್ಗೆಯೇ ಸುಮುಹೂರ್ತ.