ಬೇಲಿಗೇ ಮುಗಿಯುವ ನಕ್ಷೆ

ಗಣಿ ಬರುತ್ತದೆಂದರೆ ಪ್ರತಿಭಟಿಸುತ್ತೇವೆ. ಅಣೆಕಟ್ಟು ಬರುತ್ತದೆಂದರೆ ಪಾದಯಾತ್ರೆ ಹೊರಡುತ್ತೇವೆ. ವಿಶ್ವವಿದ್ಯಾನಿಲಯ ಬರುತ್ತದೆಂದರೆ ಮಾತ್ರ ತೋರಣ ಕಟ್ಟುತ್ತೇವೆ. ಸರಸ್ವತಿಯ ಮಂದಿರದಿಂದ ಯಾರಿಗೆ ತಾನೇ ಕೇಡಾದೀತು ಎಂಬ ನಂಬಿಕೆ ನಮ್ಮದು. ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ನೂರಾರು ಎಕರೆ ಬೆಟ್ಟ, ಬೇಣ, ಗೋಮಾಳಗಳನ್ನು ಬೇಲಿಯೊಳಗೆ ಸೇರಿಸುವ ಕಾರ್ಯ ನಿರಾತಂಕವಾಗಿ ನಡೆದುಬಂದಿದೆ. ನಾನೂ ಇಂತಹ ಸಂಸ್ಥೆಗಳಲ್ಲಿಯೇ ಓದಿದವನು, ಅವುಗಳ ಅನ್ನ ಉಂಡವನು. ಆದ್ದರಿಂದಲೇ ಈ ಮಾತನ್ನು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಕ್ಯಾಂಪಸ್ಸಿನ ಮಾಸ್ಟರ್ ಪ್ಲಾನ್ ನೋಡುವ ಸಂದರ್ಭ ಒದಗಿತು. ಸಂಸ್ಥೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಆಡಳಿತ ಭವನ, ಅತಿಥಿಗೃಹ, ಕುಲಪತಿಗಳ ನಿವಾಸ, ಜೋಡಿರಸ್ತೆ ಎಲ್ಲವೂ ಬಣ್ಣಬಣ್ಣವಾಗಿ ಮೂಡಿದ್ದವು. ಬೆಟ್ಟದ ನೆತ್ತಿಯ ಬೇಣದ ಮೇಲೆ ‘ಖಾಲಿ ಜಾಗ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬೇಲಿಯಿಂದಾಚೆ ಬರೀ ಬಿಳಿ ಹಾಳೆ. ಕೆಳಗಿನ ಅಡಿಕೆ ತೋಟಗಳು, ಕೆರೆ, ಏಳೆಂಟು ಮನೆಗಳ ಬಾವಿಗಳು ಯಾವುವೂ ಅಲ್ಲಿರಲಿಲ್ಲ. ಮಳೆಗಾಲದಲ್ಲಿ ಆ ಬೆಟ್ಟ ಹತ್ತಿದ್ದೀರಾ ಎಂದು ನಕ್ಷೆ ತಯಾರಿಸಿದವರನ್ನು ಕೇಳಿದೆ. ‘ಮಳೆ ನಿಂತ ಮೇಲೆಯೇ ಸರ್ವೆ ಮಾಡಿದ್ದು ಸಾರ್’ ಎಂಬ ಉತ್ತರ ಬಂತು.

ಆ ಖಾಲಿ ಜಾಗದ ಕೆಲಸವೇನೆಂಬುದನ್ನು ಇಲ್ಲಿನ ರೈತರಿಗೆ ವಿವರಿಸಬೇಕಾಗಿಲ್ಲ. ಜಂಬಿಟ್ಟಿಗೆಯ ನೆಲ ರಂಧ್ರಮಯವಾದದ್ದು. ಮೇಲಿನ ಹುಲ್ಲು ಮಳೆಯ ಹೊಡೆತವನ್ನು ತಡೆದು ನೀರನ್ನು ನಿಧಾನವಾಗಿ ಒಳಗಿಳಿಸುತ್ತದೆ. ಅದೇ ನೀರು ತಿಂಗಳುಗಳ ನಂತರ ಕಣಿವೆಯಲ್ಲಿ ಒರತೆಯಾಗಿ ಹೊರಟು ತೋಟವನ್ನು ಬದುಕಿಸುತ್ತದೆ. ಅಲ್ಲಿ ಒಂದು ಹೆಕ್ಟೇರ್ ಛಾವಣಿ, ಡಾಂಬರು ಹಾಸಿದಿರೆಂದರೆ, 100 ಮಿ.ಮೀ. ಮಳೆ ಸುರಿದ ದಿನ 10 ಲಕ್ಷ ಲೀಟರ್ ನೀರು ಇಳಿಯಲು ಜಾಗವಿಲ್ಲದೆ ಇಳಿಜಾರಿನಲ್ಲಿ ನುಗ್ಗುತ್ತದೆ. ಆಷಾಢದಲ್ಲಿ ಅಂತಹ ದಿನಗಳು ನಮ್ಮಲ್ಲಿ ಅಪರೂಪವೇ? ಕಟ್ಟಡಕ್ಕೆಂದು ಇಳಿಜಾರು ಕಡಿದಲ್ಲಿ ಧರೆ ಕುಸಿಯುತ್ತದೆ. ಜೆಸಿಬಿ ಓಡಾಡಿದ ಮಣ್ಣು ಒತ್ತಿ ಗಟ್ಟಿಯಾಗಿ ನೀರು ಕುಡಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಸಡಿಲವಾದ ಮಣ್ಣೆಲ್ಲ ಕೆರೆಯ ಹೂಳಾಗುತ್ತದೆ. ಬೇಸಿಗೆಯಲ್ಲಿ ಅದೇ ಕ್ಯಾಂಪಸ್ಸಿನ ಕೊಳವೆಬಾವಿಗಳು ಅಳಿದುಳಿದ ನೀರನ್ನೂ ಎಳೆಯುತ್ತವೆ. ಎರಡು ಸಿಮೆಂಟಿನ ತೊಟ್ಟಿ ಕಟ್ಟಿ ‘ಮಳೆನೀರು ಕೊಯ್ಲು’ ಎಂದು ಫಲಕ ಹಾಕಿದರೆ ಈ ಲೆಕ್ಕ ಸರಿಹೋಗದು.

ಕಾನೂನು ಏನು ಮಾಡುತ್ತಿತ್ತು? 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯು 20,000 ಚದರ ಮೀಟರಿಗೂ ಮಿಕ್ಕಿದ ಕಟ್ಟಡ ಯೋಜನೆಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಆದರೆ ಅವುಗಳಿಗೆ ಸಾರ್ವಜನಿಕ ಅಹವಾಲು ಬೇಡವೆಂದಿತು. 2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 1,50,000 ಚದರ ಮೀಟರ್ ಒಳಗಿನ ವರ್ಗದಿಂದ ಶಾಲೆ, ಕಾಲೇಜು, ಹಾಸ್ಟೆಲ್ಲುಗಳನ್ನೇ ಹೊರಗಿಟ್ಟಿತು. 2025ರ ಜನವರಿಯಲ್ಲಿ ಆ ವಿನಾಯಿತಿಯನ್ನು ಮತ್ತೊಮ್ಮೆ ಹೊರಡಿಸಿತು. ಅದೇ ವರ್ಷದ ಆಗಸ್ಟ್ 5ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಪಾಠ ಹೇಳುವ ಕಟ್ಟಡವಾದ ಮಾತ್ರಕ್ಕೆ ಅದರ ಕೊಳಚೆ ಹರಿಯುವುದಿಲ್ಲವೇ? ಇದನ್ನು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು. ಅನುಮತಿಯೇನೋ ಮರಳಿ ಬಂತು, ಊರಿನವರ ಅಹವಾಲು ಬರಲಿಲ್ಲ.

ಅಹವಾಲಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಚಳ್ಳಕೆರೆಯನ್ನು ನೋಡಿ. 2010ರ ಆಸುಪಾಸಿನಲ್ಲಿ ಅಲ್ಲಿನ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಹುಲ್ಲುಗಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಕ್ಯಾಂಪಸ್ಸಿಗೆ ಕುದಾಪುರದ ಬಳಿ ಸುಮಾರು 1,500 ಎಕರೆ. ಇದೇ ಸಂಸ್ಥೆಗೆ 1907ರಲ್ಲಿ ಮೈಸೂರು ಅರಸರು ಬೆಂಗಳೂರಿನಲ್ಲಿ ಕೊಟ್ಟದ್ದು 371 ಎಕರೆ. ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುವ ಹಳ್ಳಿಗಳಲ್ಲಿ ಬಹಳ ಮಂದಿಗೆ ವಿಷಯ ಗೊತ್ತಾದದ್ದು ಗೋಡೆ ಏಳತೊಡಗಿದಾಗ. ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಆ ಸಂಸ್ಥೆಯ ವಿಜ್ಞಾನದ ಬಗ್ಗೆ ನನಗೆ ಅಪಾರ ಗೌರವವಿದೆ. ಕೃಷ್ಣಮೃಗ ಓಡಾಡುವ ಹುಲ್ಲುಗಾವಲಿಗೆ ಗೋಡೆ ಹಾಕುವಾಗ ಆ ವಿಜ್ಞಾನ ಎಲ್ಲಿತ್ತು?

ಅಭಿವೃದ್ಧಿ ಬೇಕೆಂದರೆ ಇಷ್ಟು ಸಹಿಸಲೇಬೇಕು, ಬೇರೆ ದಾರಿಯಿಲ್ಲ ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಒಂದು ಉದಾಹರಣೆ. ಸಾಂತಾ ಕ್ರೂಜ್ ಎಂಬಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಸುಮಾರು 2,000 ಎಕರೆಯ ಗುಡ್ಡವಿದೆ. 1963ರ ಮೊದಲ ದೀರ್ಘಾವಧಿ ಯೋಜನೆಯೇ ದೊಡ್ಡ ಹುಲ್ಲುಗಾವಲನ್ನು ಬಿಟ್ಟು, ಕಟ್ಟಡಗಳನ್ನು ಕೆಂಪುಮರಗಳ ಕಾಡಿನ ಅಂಚಿಗೆ ಸರಿಸಿತು. 27,500 ವಿದ್ಯಾರ್ಥಿಗಳ ಗುರಿಯೂ ಅದರಲ್ಲಿತ್ತು. 2005ರ ಯೋಜನೆಯ ಕರಡು 21,000 ಎಂದಾಗ ನೀರು, ವಸತಿ, ರಸ್ತೆಗಳ ಪ್ರಶ್ನೆ ಎತ್ತಿ ಊರು ಎದ್ದುನಿಂತಿತು. ಮರುವರ್ಷ ಅಂಗೀಕಾರವಾದದ್ದು 19,500. ಆದರೂ ನಗರಸಭೆ ನ್ಯಾಯಾಲಯಕ್ಕೆ ಹೋಯಿತು. 2008ರ ಒಪ್ಪಂದದಲ್ಲಿ, ಹೆಚ್ಚುವರಿ ವಿದ್ಯಾರ್ಥಿಗಳಲ್ಲಿ ಮೂರನೆಯ ಎರಡು ಪಾಲು ಮಂದಿಗೆ ಆವರಣದೊಳಗೇ ವಸತಿ ಕಲ್ಪಿಸಲು ವಿಶ್ವವಿದ್ಯಾನಿಲಯ ಒಪ್ಪಬೇಕಾಯಿತು. ಆ ನಡುವೆ, 2007ರ ನವೆಂಬರಿನಿಂದ ಒಂದು ವರ್ಷಕ್ಕೂ ಮೇಲೆ, ಹೊಸ ಕಟ್ಟಡಕ್ಕೆ ಗುರುತಿಸಿದ್ದ ಮರಗಳ ಮೇಲೆಯೇ ಹೋರಾಟಗಾರರು ಕುಳಿತಿದ್ದರು. ಅಲ್ಲಿನ ಆಡಳಿತಗಾರರು ನಮ್ಮವರಿಗಿಂತ ಸಜ್ಜನರೆಂದಲ್ಲ. ಯೋಜನೆಯನ್ನು ಬಹಿರಂಗವಾಗಿಟ್ಟು ಆಕ್ಷೇಪಣೆಗಳಿಗೆ ಲಿಖಿತ ಉತ್ತರ ಕೊಡಲೇಬೇಕೆಂದು ಅಲ್ಲಿನ ರಾಜ್ಯದ ಕಾಯಿದೆ ಕಟ್ಟುಮಾಡುತ್ತದೆ.

ನಮ್ಮ ಬೇಡಿಕೆ ಅದಕ್ಕಿಂತ ಹೆಚ್ಚಿನದಲ್ಲ. ಕಟ್ಟಡ ಎಲ್ಲಿ ಎಂಬ ಗೆರೆಗಿಂತ ಮೊದಲು ಎಲ್ಲಿ ಕಟ್ಟಕೂಡದು ಎಂಬ ಗೆರೆಯನ್ನು ಎಳೆಯಲಿ. ಎಷ್ಟು ವಿದ್ಯಾರ್ಥಿಗಳೆಂಬುದನ್ನು ಏಪ್ರಿಲ್ ತಿಂಗಳ ನೀರು ನೋಡಿ ತೀರ್ಮಾನಿಸಲಿ, ಅನುದಾನ ನೋಡಿ ಅಲ್ಲ. ಮುಂದಿನ 30 ವರ್ಷಗಳ ನಕ್ಷೆ ಮೊದಲ ಜೆಸಿಬಿಗಿಂತ ಮುಂಚೆ ಗ್ರಾಮಸಭೆಗೆ, ಕನ್ನಡದಲ್ಲಿ, ಬರಲಿ.

ಅಲ್ಲಿಯವರೆಗೆ ಸುಮ್ಮನಿರಬೇಕಾಗಿಲ್ಲ. ಪರಿಸರ ಅನುಮತಿಯ ಅರ್ಜಿಗಳು ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿರುತ್ತವೆ. ಇದನ್ನು ಓದುವ ವಿದ್ಯಾರ್ಥಿಗಳು ಅವನ್ನು ಇಳಿಸಿಕೊಂಡು ಊರಿನವರಿಗೆ ಓದಿ ಹೇಳಲಿ. ನಕ್ಷೆಯ ಆ ಬಿಳಿ ಭಾಗದಲ್ಲಿ ಊರಿನವರು ತಮ್ಮ ಬಾವಿ, ಒರತೆ, ಕೆರೆ, ದನದ ದಾರಿಗಳನ್ನು ಗುರುತಿಸಿ, ಗ್ರಾಮಸಭೆಯ ಠರಾವಿನೊಂದಿಗೆ ರಾಜ್ಯ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೆ ಅಂಚೆಯಲ್ಲಿ ಕಳುಹಿಸಲಿ.