ವಿಧಿಯ ಮರೆಯಲ್ಲಿ ಅಧಿಕಾರ

ಜೈನ ಮನೆತನಗಳ ಹದಿಹರೆಯದವರ ಕೈಯಲ್ಲಿಯೂ ಇಂದು ಪಾಶ್ಚಾತ್ಯ ಅದ್ಭುತರಮ್ಯ ಕಾದಂಬರಿಗಳಿವೆ. ಪ್ರೇಮಕಥೆಗಳೆಂಬ ಮಾತ್ರಕ್ಕೆ ಅವನ್ನು ನಿಷೇಧಿಸುವುದು ಅವಿವೇಕ. ನೇಮಿ-ರಾಜೀಮತಿಯರ ಕಥೆಯನ್ನು ಆದರಿಸುವ ಸಮಾಜಕ್ಕೆ ಪ್ರೇಮವು ವರ್ಜ್ಯವಲ್ಲ. ಖಂಡಿಸಬೇಕಾದುದು ಅಲ್ಲಿ ವಿಧಿಯ ಹೆಸರಿನಲ್ಲಿ ನಡೆಯುವ ವಂಚನೆಯನ್ನು.

ಅಮೆರಿಕದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ (2005) ಕಾದಂಬರಿಯಲ್ಲಿ ನೂರು ವರ್ಷ ಮೀರಿದ ರಕ್ತಪಿಪಾಸು ಎಡ್ವರ್ಡ್, ಹದಿನೇಳರ ಬೆಲ್ಲಾಳ ಕೋಣೆಗೆ ಅವಳರಿಯದಂತೆ ಬಂದು, ನಿದ್ರಿಸುವ ಅವಳನ್ನು ನೋಡುತ್ತಿರುತ್ತಾನೆ. ಮನುಷ್ಯರಕ್ತದ ದಾಹವನ್ನು ಅವನು ತಡೆದುಕೊಳ್ಳುವುದು ಸಂಯಮವೇ ಸರಿ. ಈ ನಡತೆ ಸಂಯಮವಲ್ಲ. ಅದೇ ಮಾಲೆಯ ‘ಬ್ರೇಕಿಂಗ್ ಡಾನ್’ (2008) ಕೃತಿಯಲ್ಲಿ ತೋಳರೂಪ ತಾಳಬಲ್ಲ ಜೇಕಬ್, ಬೆಲ್ಲಾಳ ನವಜಾತ ಮಗಳಿಗೆ ತನ್ನ ಇಚ್ಛೆಯನ್ನೂ ಮೀರಿ ಕಟ್ಟುಬೀಳುತ್ತಾನೆ. ಆಕೆ ಬೆಳೆಯುವವರೆಗೆ ಅವನು ಅಣ್ಣನಂತಿರುವನೆಂಬುದು ಕಥೆಯ ಸಮಾಧಾನ. ಆದರೆ ವರನು ತೊಟ್ಟಿಲಲ್ಲಿಯೇ ನಿಶ್ಚಿತನಾದ ಮೇಲೆ ಆಕೆಯ ಸಮ್ಮತಿಗೆ ಬೆಲೆಯೆಲ್ಲಿ?

ಇದನ್ನು ಕರ್ಮಸಿದ್ಧಾಂತಕ್ಕೆ ಹೋಲಿಸುವುದು ಸಲ್ಲದು. ಕರ್ಮವು ಜೀವನು ತಾನೇ ಕಟ್ಟಿಕೊಂಡದ್ದು. ಸಂವರ-ನಿರ್ಜರೆಗಳಿಂದ ತಾನೇ ಕಳೆದುಕೊಳ್ಳತಕ್ಕದ್ದು. ಕಾಮಕ್ಕೆ ವಿಧಿ ಕೂಡಿದಾಗಿನ ಅನಾಹುತವನ್ನು ಜನ್ನನೂ ‘ಯಶೋಧರ ಚರಿತೆ’ಯಲ್ಲಿ (1209) ಕಂಡನು. ಆದರೂ ಅಮೃತಮತಿಯನ್ನಾಗಲಿ, ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಯಶೋಧರನನ್ನಾಗಲಿ ಕರ್ಮಫಲದಿಂದ ಬಿಡಿಸಲಿಲ್ಲ.

ಬಸದಿಗಳ ಟ್ರಸ್ಟುಗಳು ಪಾಠಶಾಲೆಯಲ್ಲಿ ಈ ಎರಡು ಬಗೆಯ ಕಥೆಗಳನ್ನೂ ಮಕ್ಕಳ ಮುಂದಿಟ್ಟು ಚರ್ಚಿಸಲಿ. ಮಗಳ ಒಪ್ಪಿಗೆ ಕೇಳದೆ ಸಂಬಂಧ ಗೊತ್ತುಮಾಡಿ ‘ಋಣಾನುಬಂಧ’ವೆನ್ನುವ ಹಿರಿಯರೂ ಆ ಚರ್ಚೆಯಲ್ಲಿ ಕುಳಿತುಕೊಳ್ಳಲಿ. ಅವರಾಡುವ ಮಾತೂ ಆ ಕಾದಂಬರಿಯ ಮಾತೇ.